ಲೆಡ್ಜರ್‌ನ ಮುಂದಿನ ಪುಟ

ಮಕ್ಕಳೇ, 2015ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ರಗ್ಬಿ ವಿಶ್ವಕಪ್ ಪಂದ್ಯ. ಜಪಾನಿಗೆ ಎದುರಾಳಿ ದಕ್ಷಿಣ ಆಫ್ರಿಕಾ. ಹಿಂದಿನ ದಿನ ಜಪಾನಿನ ಅಭಿಮಾನಿಯೊಬ್ಬ ತನ್ನ ತಂಡದ ಲೆಕ್ಕ ಹಾಕಿದ್ದರೆ ಏನು ಕಾಣುತ್ತಿತ್ತು? ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ನರೆತವನು ನಾನು, ಕೂಡಿಸಿ ನೋಡಿದೆ.

ಅದುವರೆಗಿನ ಏಳು ವಿಶ್ವಕಪ್‌ಗಳಲ್ಲಿ ಜಪಾನ್ ಆಡಿದ್ದು 24 ಪಂದ್ಯ. ಸೋತದ್ದು 21, ಸಮ 2, ಗೆದ್ದದ್ದು ಒಂದೇ ಒಂದು! 1995ರಲ್ಲಿ ನ್ಯೂಜಿಲೆಂಡ್ ಎದುರು 17–145ರ ಸೋಲು. ದಕ್ಷಿಣ ಆಫ್ರಿಕಾವೋ ಎರಡು ಸಲದ ಚಾಂಪಿಯನ್. ಇಂಥ ಖಾತೆಗೆ ಯಾವ ಮ್ಯಾನೇಜರೂ ಸಾಲ ಕೊಡುತ್ತಿರಲಿಲ್ಲ.

ಲೆಡ್ಜರ್‌ನಲ್ಲಿ ಕಾಣದ ಜಮೆ ಒಂದಿತ್ತು: ಕೋಚ್ ಎಡ್ಡಿ ಜೋನ್ಸ್ ಬೆಳಗಿನ ಜಾವದಿಂದಲೇ ಮಾಡಿಸಿದ್ದ ಕಠಿಣ ತಾಲೀಮು.

ಪಂದ್ಯದ ಕೊನೆಯ ಗಳಿಗೆ, ಜಪಾನ್ 29–32. ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಕಂಬಗಳ ನಡುವೆ ಒದ್ದರೆ 3 ಅಂಕ, ಪಂದ್ಯ ಸಮ. ನಾಯಕ ಮೈಕಲ್ ಲೀಚ್ ಅದು ಬೇಡವೆಂದು 5 ಅಂಕದ ಟ್ರೈಗೇ ಹೊರಟರು. ಕಾರ್ನೆ ಹೆಸ್ಕೆತ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರು. 34–32!

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಹಳೆಯ ಅಂಕಪಟ್ಟಿ ಕೈಗೆ ಬಂದಾಗ ಈ ಪಂದ್ಯ ನೆನಪಿರಲಿ. ಮಕ್ಕಳೇ, ನಿಮಗೆ ನೆನಪಿರಬೇಕಾದದ್ದು ಆ ತಾಲೀಮು.