ಪರಿಚಾರಕ ಧರ್ಮ

ಕಳೆದ ತಿಂಗಳು ನನ್ನ ಮನೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಬಿಳಿಯ ಕೋಟು ತೊಟ್ಟು, ಕೊರಳಲ್ಲಿ ಸ್ಟೆತಾಸ್ಕೋಪನ್ನು ಧರಿಸಿದ್ದ ತರುಣನೊಬ್ಬನು ಬಂದು ರೋಗದ ವೃತ್ತಾಂತವನ್ನೆಲ್ಲ ಬರೆದುಕೊಂಡನು. “ಡಾಕ್ಟರೆ, ಇವಳಿಗೆ ತಲೆಸುತ್ತು ಬರುತ್ತಿದೆ, ಹೃದಯದ ಈ ಮಾತ್ರೆಯನ್ನು ನಿಲ್ಲಿಸಿಬಿಡಲೆ?” ಎಂದು ನಾನು ಕೇಳಿದೆನು.

“ನಾನು ಡಾಕ್ಟರಲ್ಲ ಯಜಮಾನರೆ, ಅವರ ಸಹಾಯಕ. ಅದನ್ನು ಅವರೇ ಹೇಳಬೇಕು, ಕರೆತರುತ್ತೇನೆ” ಎಂದು ಅವನು ಹೊರಟನು. ವೈದ್ಯರು ಬಂದು, ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಅಪಾಯವೆಂದು ತಿಳಿಸಿ, ಪ್ರಮಾಣವನ್ನು ಮಾತ್ರ ತಗ್ಗಿಸಿದರು. ಆ ತರುಣನು ನನ್ನ ಭ್ರಾಂತಿಯನ್ನು ತಿದ್ದದೆ ತಲೆಯಾಡಿಸಿಬಿಟ್ಟಿದ್ದರೆ ಗತಿಯೇನು?

ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬೀ ನಾಲ್ಕನ್ನು ಚಿಕಿತ್ಸೆಯ ಪಾದಗಳೆಂದೆಣಿಸಿ, ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚಗಳಿರಬೇಕೆಂದು ವಿಧಿಸಿರುವುದು. ಶೌಚವೆಂದರೆ ಕೈಯ ಶುದ್ಧಿ ಮಾತ್ರವಲ್ಲ, ಮಾತಿನ ಶುದ್ಧಿಯೂ ಹೌದೆಂದು ನನ್ನ ಭಾವನೆ.

ಇಂದಿನ ವೈದ್ಯಸಹಾಯಕರ ಶಿಕ್ಷಣವು 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು; ನಮ್ಮ ದೇಶದಲ್ಲಿ 1992ರಲ್ಲಿ ಮದರಾಸಿನಲ್ಲಿ ತೊಡಗಿತು. ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ವಿಚಾರಿಸುವುದೂ ಪರೀಕ್ಷಿಸುವುದೂ ಇವರ ಕೆಲಸ. ಬ್ರಿಟನ್ನಿನಲ್ಲಿ ರೋಗಿಗಳು ಇವರನ್ನೇ ವೈದ್ಯರೆಂದು ಭ್ರಮಿಸುತ್ತಿದ್ದುದರಿಂದ ದೊಡ್ಡ ವಿವಾದವೆದ್ದಿತು. 2024ರ ಡಿಸೆಂಬರಿನಲ್ಲಿ ಅಲ್ಲಿಯ ಜನರಲ್ ಮೆಡಿಕಲ್ ಕೌನ್ಸಿಲು ಇವರನ್ನು ತನ್ನ ಶಿಸ್ತಿಗೆ ಒಳಪಡಿಸಿತು. 2025ರಲ್ಲಿ ನಡೆದ ಲೆಂಗ್ ಪರಿಶೀಲನೆಯು, ‘ಅಸೋಸಿಯೇಟ್’ ಎಂಬ ಹೆಸರನ್ನು ಬಿಟ್ಟು ‘ಅಸಿಸ್ಟೆಂಟ್’ ಎಂದೇ ಕರೆಯಬೇಕೆಂದು ಸಲಹೆಯಿತ್ತಿತು. ಹೆಸರಿನಲ್ಲೇನಿದೆ ಎಂದು ನಗಬಾರದು. ರೋಗಿಯ ನಂಬಿಕೆಯು ಹೆಸರನ್ನೇ ಆಶ್ರಯಿಸಿರುವುದು.

ನಮ್ಮಲ್ಲಿಯೂ 2021ರ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ. ನಡತೆಗೆಟ್ಟವನ ಅಹವಾಲನ್ನು ಕೇಳಿ, ತಪ್ಪು ಸಿದ್ಧವಾದರೆ ನೋಂದಣಿಯಿಂದ ಅವನ ಹೆಸರನ್ನು ತೆಗೆದುಹಾಕುವ ಅಧಿಕಾರವನ್ನು ಆ ಕಾಯಿದೆಯು ರಾಜ್ಯ ಪರಿಷತ್ತುಗಳಿಗೆ ಕೊಟ್ಟಿದೆ. ಆದರೆ ದಂಡನೆಯು ಬರುವುದು ಕೇಡು ಸಂಭವಿಸಿದ ಮೇಲೆ.

ಆದುದರಿಂದ ಗೃಹಸ್ಥರಾದ ನಮಗೂ ಒಂದು ಕರ್ತವ್ಯವುಂಟು. ಬಿಳಿಯ ಕೋಟು ಕಂಡೊಡನೆ ‘ಡಾಕ್ಟರೆ’ ಎಂದು ಕೈಮುಗಿದು, ಹೇಳಬಾರದುದನ್ನು ಹೇಳೆಂದು ಅವರನ್ನು ಪೀಡಿಸುವವರು ನಾವೇ. “ತಾವು ಯಾರು? ತಮ್ಮ ಹೊಣೆಯೇನು?” ಎಂದು ವಿನಯದಿಂದ ಕೇಳಿರಿ. ಸಜ್ಜನನಾದ ಸಹಾಯಕನು ಇದರಿಂದ ನೊಂದುಕೊಳ್ಳನು. ತನ್ನ ಮೇರೆಯನ್ನು ತಾನೇ ಹೇಳಿದ ಆ ತರುಣನ ಮೇಲೆ ನನ್ನ ಗೌರವವು ಹೆಚ್ಚಿತೇ ಹೊರತು ಕುಗ್ಗಲಿಲ್ಲ.