ಯೋಗ ಕಲಿಸುವವರ ಸ್ವಂತ ಸಾಧನೆ ಎಲ್ಲಿ?



ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ಜಲರಾಶಿಯಿಂದ ಕೆಳಗಿನ ಗದ್ದೆಗಳು ಹಸುರಾಗುತ್ತವೆ. ಕಾಲುವೆಯಲ್ಲಿ ಹರಿಯುವ ನೀರು ಕಾಲುವೆಯ ಸ್ವತ್ತಲ್ಲ, ಕೆರೆಯದು. ಯೋಗಶಿಕ್ಷಕನ ಬೋಧನೆ ಕಾಲುವೆಯಾದರೆ ಅವನ ಸ್ವಂತ ಸಾಧನೆಯೇ ಕೆರೆ. ಈ ಸರಳ ಸತ್ಯವನ್ನು ಇಂದು ಬಹುಮಂದಿ ಶಿಕ್ಷಕರು ಮರೆತಿದ್ದಾರೆಂಬುದೇ ನಮ್ಮ ಆಕ್ಷೇಪ.

2015ರಿಂದ ಪ್ರತಿ ವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನ ನಡೆಯುತ್ತಿದೆ. ಯೋಗಕ್ಕೆ ಮನ್ನಣೆ ದೊರೆತುದು ಸಂತೋಷವೇ. ಆದರೆ 200 ಗಂಟೆಗಳ ತರಬೇತಿ ಮುಗಿಸಿ, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಮರುದಿನವೇ ಗುರುಪೀಠವನ್ನೇರುವ ಪರಿಪಾಠವೂ ಬೆಳೆದಿದೆ. ಅಂಥವರನ್ನು ಸಾಧನೆಯ ಬಗ್ಗೆ ಕೇಳಿದರೆ, “ದಿನಕ್ಕೆ ನಾಲ್ಕು ತರಗತಿ ನಡೆಸುತ್ತೇವೆ, ಅದೇ ನಮ್ಮ ಅಭ್ಯಾಸ” ಎನ್ನುತ್ತಾರೆ. ಇದು ಉತ್ತರವಲ್ಲ, ನೆಪ. ತರಗತಿಯಲ್ಲಿ ಶಿಕ್ಷಕನ ಕಣ್ಣು ಶಿಷ್ಯರ ಮೇಲಿರಬೇಕು. ಹಾಗಾದರೆ ತನ್ನ ಉಸಿರನ್ನು ಅವನು ಗಮನಿಸುವುದೆಂದು?

ತೊಣ್ಣೂರಿಗೆ ದೂರವಲ್ಲದ ಮೈಸೂರಿನ ನಿದರ್ಶನವನ್ನೇ ನೋಡಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಅವರ ಪತ್ನಿಯ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್, ರೋಗಗಳಿಂದ ಬಳಲಿದ ಬಾಲಕನಾಗಿ ಅಲ್ಲಿಗೆ ಬಂದರು. 1937ರಲ್ಲಿ ಗುರುಗಳು ಅವರನ್ನು ಬೋಧನೆಗಾಗಿ ಪುಣೆಗೆ ಕಳುಹಿಸಿದರು. ಕಲಿತದ್ದು ಅಲ್ಪ, ಎದುರಿಗಿದ್ದವರು ತಮಗಿಂತ ಬಲಿಷ್ಠರು. ಬಲ್ಲವರಂತೆ ನಟಿಸಬಹುದಾಗಿತ್ತು. ಅವರು ನಟಿಸಲಿಲ್ಲ. ದಿನವೂ ಗಂಟೆಗಟ್ಟಲೆ ಏಕಾಂತದಲ್ಲಿ ಅಭ್ಯಾಸ ಮಾಡಿ, ತಮ್ಮ ದೇಹವನ್ನೇ ಗ್ರಂಥವಾಗಿ ಓದಿದರು. ಅವರ ‘ಲೈಟ್ ಆನ್ ಯೋಗ’ ಹೊರಬಂದುದು 1966ರಲ್ಲಿ, ಬೋಧನೆ ಆರಂಭಿಸಿ ಸುಮಾರು ಮೂರು ದಶಕಗಳ ಬಳಿಕ.

“ಅವರೂ ಅರೆಕಲಿತೇ ಬೋಧಿಸಲಿಲ್ಲವೇ?” ಎಂದು ನೀವು ಕೇಳಬಹುದು. ಹೌದು. ಅಲ್ಪ ಕಲಿಕೆಯಿಂದ ಆರಂಭಿಸುವುದು ದೋಷವಲ್ಲ. ಅಲ್ಲಿಯೇ ನಿಂತುಬಿಡುವುದು ದೋಷ.

ಸ್ವಂತ ಸಾಧನೆ ಬೇರೆಯವರ ಪಟ್ಟಿಯ ನಕಲಲ್ಲ. ಗುರುವಿತ್ತ ಪಾಠವನ್ನು ನಿತ್ಯವೂ ಆಚರಿಸುತ್ತ, ಎಲ್ಲಿ ದೇಹ ಬಿಗಿಯುತ್ತದೆ, ಎಲ್ಲಿ ಉಸಿರು ತಡವರಿಸುತ್ತದೆ, ಎಲ್ಲಿ ಅಹಂಕಾರ ತಲೆಯೆತ್ತುತ್ತದೆ ಎಂದು ನೋಡುತ್ತ ಹೋದಂತೆ ಅದು ತಾನಾಗಿ ರೂಪುಗೊಳ್ಳುತ್ತದೆ. ವಯಸ್ಸು ಏರಿದಂತೆ ಆಸನ ಕಡಿಮೆಯಾಗಿ ಪ್ರಾಣಾಯಾಮ, ಧ್ಯಾನಗಳು ಹೆಚ್ಚಬಹುದು. ಆಗಾಗ್ಗೆ ಹಿರಿಯರ ಮುಂದೆ ಶಿಷ್ಯನಾಗಿ ನಿಂತು ತಿದ್ದಿಸಿಕೊಳ್ಳಲೂಬೇಕು. ಇಲ್ಲವಾದರೆ ಸಾಧನೆ ಆತ್ಮವಂಚನೆಯಾದೀತು.

ಸಂಸಾರಭಾರದಲ್ಲಿ ಸಮಯವೆಲ್ಲಿ ಎನ್ನುವ ಶಿಕ್ಷಕರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಅರ್ಧ ಗಂಟೆ ಸಾಕು, ಆದರೆ ಅದು ತಪ್ಪಬಾರದು. ತನ್ನ ಮಂಡಿಯ ಮಿತಿಯನ್ನು ಅರಿಯದವನು ಪರರ ಮಂಡಿಯನ್ನು ಒತ್ತಿ ಬಾಗಿಸುತ್ತಾನೆ. ನೋವುಣ್ಣುವವರು ನಂಬಿ ಬಂದವರು.

ಮಠದ ಪ್ರಸಾದನಿಲಯದಲ್ಲಿ ಬೆಳೆದ ನಿಮಗೆ ಇದು ಹೊಸದಲ್ಲ. ನಸುಕಿನಲ್ಲಿ ಮಿಂದು, ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತಾಗ ಯಾರೂ ಅಂಕ ಕೊಡಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ನಿಮ್ಮನ್ನು ರೂಪಿಸಿದ್ದು ಆ ನಿತ್ಯದ ಮೌನವೇ.

ಆದ್ದರಿಂದ ನಿಮ್ಮ ಮಕ್ಕಳನ್ನು ಯೋಗಕ್ಕೆ ಕಳುಹಿಸುವ ಮುನ್ನ ಪ್ರಮಾಣಪತ್ರ ನೋಡಿ ತೃಪ್ತರಾಗಬೇಡಿರಿ. “ಈ ಬೆಳಿಗ್ಗೆ ತಾವು ಏನನ್ನು ಅಭ್ಯಸಿಸಿದಿರಿ?” ಎಂದು ವಿನಯದಿಂದ ಕೇಳಿರಿ. ನೀವೇ ಶಿಕ್ಷಕರಾಗಿದ್ದರೆ, ಆ ಪ್ರಶ್ನೆಯನ್ನು ಮೊದಲು ನಿಮಗೇ ಕೇಳಿಕೊಳ್ಳಿರಿ.