ರೀಲ್ಸ್‌ನಲ್ಲಿ ಕಾಣದ 550

(1/5)
ಫೋಟೋದಲ್ಲಿರೋ ಈ ಪುಟ್ಟ ವಿಮಾನದ ಹೆಸರು ಎಚ್‌ಟಿ-2. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋದ್ರೆ ನೀವೂ ನೋಡಬಹುದು. ಒಂದರ ಹಿಂದೆ ಒಂದು, ಎರಡೇ ಸೀಟು. ಒಂದು ಕಲಿಯೋರಿಗೆ, ಇನ್ನೊಂದು ಕಲಿಸೋರಿಗೆ. ಮಿಸೈಲ್ ಇಲ್ಲ, ಬಾಂಬ್ ಇಲ್ಲ, ರೀಲ್ಸ್‌ಗೆ ಹಾಕೋಕೆ ಬೇಕಾದ ಗತ್ತಂತೂ ಇಲ್ಲವೇ ಇಲ್ಲ.

ಪ್ರತಿ ಡಿಸೆಂಬರ್ 4ಕ್ಕೆ ನೌಕಾಪಡೆ ದಿನ ಅಂತ ನಾವೆಲ್ಲ ಸ್ಟೋರಿ ಹಾಕ್ತೀವಿ. ವಿಕ್ರಾಂತ್ ಹಡಗು, ಅದರ ಮೂತಿಯಿಂದ ಮೇಲಕ್ಕೆ ಚಿಮ್ಮೋ ಮಿಗ್-29ಕೆ, ಹಿಂದೆ ಜೋರು ಬಿಜಿಎಂ. ನಾನೂ ಹಾಕ್ತೀನಿ, ತಪ್ಪೇನಿಲ್ಲ. ಆದ್ರೆ ಆ ಪೈಲಟ್‌ಗೆ ಸಮುದ್ರದ ಮೇಲೆ ಹಾರೋದನ್ನ ಕಲಿಸಿದ್ದು ಯಾರು ಅಂತ ಯಾವತ್ತಾದ್ರೂ ಕೇಳಿದ್ದೀರಾ? ಈ ಸಲದ ಸರಣಿ ಅವರ ಬಗ್ಗೆ. ಅದರಲ್ಲೂ ಕೊಚ್ಚಿಯ ಒಂದು ಸ್ಕ್ವಾಡ್ರನ್ ಬಗ್ಗೆ: ಐಎನ್‌ಎಎಸ್ 550. ಅಡ್ಡಹೆಸರು ‘ಫ್ಲೈಯಿಂಗ್ ಫಿಶ್’, ಅಂದ್ರೆ ಹಾರೋ ಮೀನು.

(2/5)
ಸ್ವಾತಂತ್ರ್ಯ ಬಂದಾಗ ನಮ್ಮ ನೌಕಾಪಡೆಗೆ ತನ್ನದು ಅಂತ ಹೇಳ್ಕೊಳ್ಳೋಕೆ ಒಂದು ವಿಮಾನವೂ ಇರಲಿಲ್ಲ. 1953ರಲ್ಲಿ ಬ್ರಿಟನ್‌ನಿಂದ ಸೀಲ್ಯಾಂಡ್ ಅನ್ನೋ ವಿಮಾನಗಳು ಬಂದವು. ನೆಲದ ಮೇಲೂ ಇಳೀತಿದ್ದವು, ನೀರಿನ ಮೇಲೂ ಇಳೀತಿದ್ದವು. ಅದೇ ವರ್ಷ ಮೇ 11ಕ್ಕೆ ಕೊಚ್ಚಿಯಲ್ಲಿ ಐಎನ್‌ಎಸ್ ಗರುಡ ಶುರುವಾಯ್ತು. ಐಎನ್‌ಎಸ್ ಅಂದ ತಕ್ಷಣ ಹಡಗು ಅನ್ಕೋಬೇಡಿ, ಇದು ನೆಲದ ಮೇಲಿರೋ ವಿಮಾನ ನಿಲ್ದಾಣ. ನೌಕಾಪಡೆಯವರು ದಡದ ಮೇಲಿನ ನೆಲೆಗಳಿಗೂ ಹಡಗಿನ ಥರಾನೇ ಹೆಸರಿಡ್ತಾರೆ.

ಅಲ್ಲಿದ್ದ ಆ ಮೊದಲ ತುಕಡಿಯ ಹೆಸರು ಫ್ಲೀಟ್ ರಿಕ್ವೈರ್‌ಮೆಂಟ್ ಯುನಿಟ್. ನೌಕಾಪಡೆಗೆ ಬೇಕಾದ ಚಿಲ್ಲರೆ ಕೆಲಸ ಎಲ್ಲ ಮಾಡೋ ಯುನಿಟ್ ಅನ್ಕೊಳ್ಳಿ. ಅದರಲ್ಲಿ ಒಂದು ಕೆಲಸ ಕೇಳಿದ್ರೆ ನಗು ಬರುತ್ತೆ, ಸ್ವಲ್ಪ ಭಯವೂ ಆಗುತ್ತೆ. ಫೈರ್‌ಫ್ಲೈ ಅನ್ನೋ ವಿಮಾನದ ಹಿಂದೆ ಉದ್ದ ತಂತಿ ಕಟ್ಟಿ, ಅದರ ತುದೀಲಿ ಗುರಿಯೊಂದನ್ನ ಎಳ್ಕೊಂಡು ಹೋಗೋದು. ಕೆಳಗಿರೋ ಹಡಗಿನವರು ಅದಕ್ಕೆ ಗುಂಡು ಹಾರಿಸಿ ಅಭ್ಯಾಸ ಮಾಡೋದು. ಹೊಡೆಯೋರು ಇನ್ನೂ ಕಲೀತಿರೋರು ಅನ್ನೋದನ್ನ ಮರೀಬೇಡಿ! ಮುಂದೆ ಕೂತಿರೋ ಪೈಲಟ್‌ಗೆ ಎಷ್ಟು ಧೈರ್ಯ ಬೇಕು ಯೋಚ್ನೆ ಮಾಡಿ. ಇದಕ್ಕೆ ಯಾರೂ ಸಿನಿಮಾ ಮಾಡಲ್ಲ.

1959ರ ಜೂನ್ 17ಕ್ಕೆ ಇದೇ ಯುನಿಟ್ ಐಎನ್‌ಎಎಸ್ 550 ಆಯ್ತು. ವಿಕ್ರಾಂತ್ ಹಡಗು ನಮ್ಮ ನೌಕಾಪಡೆಗೆ ಸೇರಿದ್ದು 1961ರ ಮಾರ್ಚ್ 4ಕ್ಕೆ. ಅಂದ್ರೆ ವಿಮಾನ ಹೊರೋ ಹಡಗು ಬರೋಕೆ 8 ವರ್ಷ ಮುಂಚೇನೇ ಕೊಚ್ಚಿಯಲ್ಲಿ ನೌಕಾಪಡೆಯ ಹಾರಾಟ ಶುರುವಾಗಿತ್ತು. 1971ರಲ್ಲಿ ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್, ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು ಪಠ್ಯಪುಸ್ತಕ ಓದದವರಿಗೂ ಗೊತ್ತು. 1953 ಯಾರಿಗೂ ಗೊತ್ತಿಲ್ಲ. ನನಗೆ ಸಿಟ್ಟು ಬರೋದು ಇದಕ್ಕೇ.

(3/5)
ಈಗ ಎಚ್‌ಟಿ-2 ವಿಷಯ. ಇದನ್ನ ವಿನ್ಯಾಸ ಮಾಡಿದವರು ವಿ.ಎಂ. ಘಾಟಗೆ. ಎಚ್‌ಎಎಲ್‌ನಲ್ಲಿ ವಿಮಾನ ಮಾಡೋಕೆ ಮುಂಚೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ವಿಮಾನ ವಿಜ್ಞಾನ ಕಲಿಸ್ತಿದ್ದ ಮೇಷ್ಟ್ರು! ಮೇಷ್ಟ್ರೇ ಕೂತು ಕಲಿಸೋಕೆ ಅಂತ ಮಾಡಿದ ವಿಮಾನ. 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ವಾಯುಪಡೆ ಬಳಸ್ತು, ಕೊಚ್ಚಿಯಲ್ಲಿ ನೌಕಾಪಡೆಯೂ ಬಳಸ್ತು. ಆಮೇಲೆ 550ಗೆ ಐಲ್ಯಾಂಡರ್ ಬಂತು, ಈಗ ಡಾರ್ನಿಯರ್ ಇದೆ.

ಹಾರೋಕೆ ಬರೋರಿಗೆ ಮತ್ತೇನು ಕಲಿಸ್ತಾರೆ ಅಂತ ಕೇಳಬಹುದು. ನೌಕಾಪಡೆ ಪೈಲಟ್‌ಗಳು ಮೂಲ ಪಾಠ ಕಲಿಯೋದು ವಾಯುಪಡೆಯ ಶಾಲೆಯಲ್ಲಿ, ನೆಲದ ಮೇಲೆ. ಕೆಳಗೆ ನೋಡಿದ್ರೆ ರಸ್ತೆ, ಕೆರೆ, ರೈಲು ಹಳಿ ಏನಾದ್ರೂ ಗುರುತು ಸಿಗುತ್ತೆ. ಸಮುದ್ರದ ಮೇಲೆ ಏನಿದೆ? ಮೋಡ ಕವಿದ ದಿನ ಆಕಾಶ ಯಾವುದು ನೀರು ಯಾವುದು ಅಂತಾನೇ ಗೊತ್ತಾಗಲ್ಲ. ವಿಮಾನ ವಾಲಿದ್ರೂ ನೇರ ಹೋಗ್ತಿದೆ ಅಂತ ಕಿವಿ, ಕಣ್ಣು ಎರಡೂ ಸುಳ್ಳು ಹೇಳ್ತವೆ. ಆಗ ಸ್ವಂತ ಮೈಯನ್ನ ನಂಬದೆ ಎದುರಿಗಿರೋ ಮೀಟರ್ ನಂಬಬೇಕು. ಜೊತೆಗೆ ಅಲೆಗಳಿಗೆ ಹತ್ತಿರ ಹಾರೋದು, ರಾಡಾರ್‌ನಲ್ಲಿ ಕಂಡ ಚುಕ್ಕೆ ಮೀನು ದೋಣಿಯೋ ಬೇರೆ ಏನೋ ಅಂತ ನೋಡಿ ಬರೋದು, ಮುಳುಗಿದವರನ್ನ ಹುಡುಕೋದು. ಇವೆಲ್ಲ ಓದಿ ಬರೋ ವಿದ್ಯೆಯಲ್ಲ. ಪಕ್ಕದ ಸೀಟಲ್ಲಿ ಒಬ್ರು ಕೂತು ಹೇಳ್ಕೊಡಬೇಕು.

2020ರ ಅಕ್ಟೋಬರ್ 22 ನೆನಪಿದ್ಯಾ? ದಿವ್ಯಾ ಶರ್ಮಾ, ಶುಭಾಂಗಿ ಸ್ವರೂಪ್, ಶಿವಾಂಗಿ ಈ ಮೂವರು ಲೆಫ್ಟಿನೆಂಟ್‌ಗಳು ಡಾರ್ನಿಯರ್ ಹಾರಿಸೋ ಮೊದಲ ಮಹಿಳಾ ತಂಡ ಆದ್ರು. ಅವರ ಫೋಟೋ ನಮ್ಮ ಫೀಡ್ ತುಂಬಾ ಓಡಾಡ್ತು, ಹುಡುಗೀರೆಲ್ಲ ಶೇರ್ ಮಾಡಿದ್ರು, ಮಾಡಲೇಬೇಕಾದ ಸುದ್ದಿ. ಆ ಕೋರ್ಸ್ ನಡೆದಿದ್ದು ಇದೇ ಐಎನ್‌ಎಸ್ ಗರುಡದಲ್ಲಿ. ಅದು ಡಾರ್ನಿಯರ್ ಕೋರ್ಸ್‌ನ 27ನೇ ಬ್ಯಾಚ್. ಅದಕ್ಕಿಂತ ಮುಂಚೆ 26 ಬ್ಯಾಚ್ ಆಗಿಹೋಗಿತ್ತು, ನಮಗೆ ಸುಳಿವೇ ಇಲ್ಲ.

(4/5)
ಬಿಕಾಂನವರು ಇಲ್ಲಿ ಸ್ವಲ್ಪ ಗಮನ ಕೊಡಿ, ಇದು ನಮ್ಮ ಸಿಲಬಸ್. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರಲ್ಲಿ ಟ್ರೈನಿಂಗ್ ಖರ್ಚನ್ನ ಆಸ್ತಿ ಅಂತ ತೋರಿಸೋ ಹಾಗಿಲ್ಲ. ಆ ವರ್ಷದ ಖರ್ಚಿಗೆ ಬರೆದು ಕೈತೊಳ್ಕೋಬೇಕು. ಯಾಕಂದ್ರೆ ಕಲಿತವನು ನಾಳೆ ಬಿಟ್ಟು ಹೋಗಬಹುದು, ಅವನ ಮೇಲೆ ಕಂಪನಿಗೆ ಹಿಡಿತ ಇಲ್ಲ. ನಿಯಮ ಸರಿಯಾಗೇ ಇದೆ. ಕಷ್ಟ ಏನಂದ್ರೆ, ದೇಶಾನೂ ಹಾಗೇ ಯೋಚನೆ ಮಾಡೋಕೆ ಶುರು ಮಾಡಿದ್ರೆ? ಯುದ್ಧವಿಮಾನ ಕೊಂಡ್ರೆ ಕಣ್ಣಿಗೆ ಕಾಣೋ ಆಸ್ತಿ, ಪರೇಡ್‌ನಲ್ಲಿ ತೋರಿಸಬಹುದು. ಕಲಿಸೋ ವಿಮಾನ ಅಂದ್ರೆ ಬರೀ ಖರ್ಚು, ಮುಂದಿನ ವರ್ಷ ನೋಡೋಣ.

ಹೀಗೆ ‘ನೋಡೋಣ’ ಅಂದಿದ್ದರ ಲೆಕ್ಕ ನೋಡಿ. ಬೆಂಗಳೂರಲ್ಲೇ ಹುಟ್ಟಿದ ಕಿರಣ್ ಜೆಟ್ ಟ್ರೈನರ್ ಮೊದಲು ಹಾರಿದ್ದು 1964ರಲ್ಲಿ. ಒಳ್ಳೇ ವಿಮಾನ, ಬೈಯೋ ಹಾಗಿಲ್ಲ. ಆದ್ರೆ ಗೋವಾದಲ್ಲಿರೋ ನೌಕಾಪಡೆಯ ಜೆಟ್ ತರಬೇತಿ ಸ್ಕ್ವಾಡ್ರನ್ 551ಕ್ಕೆ ಅದರ ಬದಲು ಹಾಕ್ ಬಂದಿದ್ದು 2013ರ ನವೆಂಬರ್‌ನಲ್ಲಿ. ವಾಯುಪಡೆ ಕಡೆ ಎಚ್‌ಪಿಟಿ-32 ಟ್ರೈನರ್‌ಗಳನ್ನ ಅಪಘಾತಗಳಾದ ಮೇಲೆ 2009ರಲ್ಲಿ ನಿಲ್ಲಿಸಿದ್ರು. ಬದಲಿ ಸ್ವಿಸ್ ಪಿಲಾಟಸ್‌ಗೆ ಸಹಿ ಬಿದ್ದಿದ್ದು 2012ರಲ್ಲಿ. ಕಿರಣ್ ಜಾಗಕ್ಕೆ ಅಂತಲೇ ಎಚ್‌ಎಎಲ್ ಮಾಡಿದ ಸಿತಾರಾ 2003ರಲ್ಲೇ ಹಾರಿತು. ನಾನಾಗ ಹುಟ್ಟೇ ಇರಲಿಲ್ಲ. ನಾನು ಡಿಗ್ರಿಗೆ ಬಂದಿದ್ದೀನಿ, ಅದಿನ್ನೂ ಪಡೆಗೆ ಸೇರಿಲ್ಲ. 2025ರಲ್ಲಿ ಅದರ ಹೆಸರು ಬದಲಾಗಿ ‘ಯಶಸ್’ ಆಯ್ತು. ಹೆಸರಾದ್ರೂ ಬೇಗ ಸಿಕ್ತು ಅನ್ನೋಣ.

(5/5)
ಹಿಂದೆ ಒಂದು ಪೋಸ್ಟ್‌ಗೆ ಒಬ್ಬ ಫಾಲೋವರ್ ಕೇಳಿದ್ದ: ಸಿಮ್ಯುಲೇಟರ್ ಇರೋವಾಗ ಇಷ್ಟೊಂದು ಟ್ರೈನರ್ ವಿಮಾನ ಯಾಕೆ? ನ್ಯಾಯವಾದ ಪ್ರಶ್ನೆ. ಸಿಮ್ಯುಲೇಟರ್ ಅಗ್ಗ, ಇಂಜಿನ್ ನಿಂತ್ರೆ ಏನು ಮಾಡಬೇಕು ಅನ್ನೋದನ್ನ ನೂರು ಸಲ ಅಭ್ಯಾಸ ಮಾಡಿಸಬಹುದು. ಬೇಕೇ ಬೇಕು. ಆದ್ರೆ ಸಿಮ್ಯುಲೇಟರ್‌ನಲ್ಲಿ ತಪ್ಪು ಮಾಡಿದ್ರೆ ಎದ್ದು ಬಂದು ಟೀ ಕುಡೀಬಹುದು ಅಂತ ಮೈಗೆ ಗೊತ್ತಿರುತ್ತೆ.

ನಿಜವಾದ ಆಕಾಶದಲ್ಲಿ ಕಲಿಸೋರು ಕೊಡೋ ಬೆಲೆ ಬೇರೆ. 2020ರ ನವೆಂಬರ್ 26ರ ಸಂಜೆ ಮಿಗ್-29ಕೆ ಟ್ರೈನರ್ ಒಂದು ಅರಬ್ಬಿ ಸಮುದ್ರಕ್ಕೆ ಬಿತ್ತು. ಕಲಿಯುತ್ತಿದ್ದ ಪೈಲಟ್ ಜೀವಂತ ಸಿಕ್ಕಿದ್ರು. ಕಲಿಸುತ್ತಿದ್ದ ಕಮಾಂಡರ್ ನಿಶಾಂತ್ ಸಿಂಗ್ ದೇಹ ಸಿಕ್ಕಿದ್ದು 11 ದಿನ ಹುಡುಕಿದ ಮೇಲೆ. ಯುದ್ಧ ಇರಲಿಲ್ಲ, ಶತ್ರು ಇರಲಿಲ್ಲ. ನಡೀತಿದ್ದದ್ದು ಪಾಠ.

ಅದಕ್ಕೇ ನನ್ನ ಮಾತು ಇಷ್ಟು. ಫೆಬ್ರವರಿಯಲ್ಲಿ ಬಜೆಟ್ ಬಂದಾಗ ಎಷ್ಟು ಫೈಟರ್ ಅಂತ ಮಾತ್ರ ಎಣಿಸಬೇಡಿ. ಟ್ರೈನರ್ ಎಷ್ಟು, ಯಾವಾಗ ಅಂತಾನೂ ಕೇಳಿ. ಏರ್ ಶೋಗೆ ಯಲಹಂಕಕ್ಕೆ ಹೋದ್ರೆ, ಯಶಸ್ ಹತ್ರ ನಿಂತಿರೋ ಎಚ್‌ಎಎಲ್‌ನವರನ್ನ ಅದು ಪಡೆಗೆ ಸೇರೋ ತಾರೀಕು ಕೇಳಿ. ಉತ್ತರ ಸಿಕ್ಕಿದ್ರೆ ನನಗೂ ಡಿಎಂ ಮಾಡಿ. ಮುಂದಿನ ಸರಣಿ ಗೋವಾದ 551 ಬಗ್ಗೆ.